ಅಳಿಸಿದ ಕೆನ್ನೆ

ನಾನು ಹುಟ್ಟಾ ಅಂಜುಬುರುಕಿ. ಗಾಳಿ ಜೋರಾದರೆ ಪಕ್ಕದ ತೋಟದ ಸಿಲ್ವರ್ ಮರ ನಮ್ಮ ಹೆಂಚಿನ ಮೇಲೇ ಬೀಳುತ್ತದೆ ಎಂದು ಹೆದರುತ್ತೇನೆ. ಗಂಡ ಎರಡು ಸಲ ಫೋನ್ ಎತ್ತದಿದ್ದರೆ ಅವರ ಸ್ಕೂಟರ್ ಹೊಳೆಯಲ್ಲಿ ಮುಳುಗಿರುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಕಕ್ಕಬೆಯಲ್ಲಿ ಆನೆ ಬಂದಿದೆಯಂತೆ ಎಂದರೆ ನಾನು ನಾಪೋಕ್ಲಿನಲ್ಲಿ ಬಾಗಿಲು ಹಾಕಿಕೊಳ್ಳುತ್ತೇನೆ. ಆದರೆ ಇಷ್ಟು ವರ್ಷಗಳಲ್ಲಿ ನಾನು ದಿನವೂ ತಪ್ಪದೆ ಹೆದರಿದ್ದು ಮರಕ್ಕಲ್ಲ, ಹೊಳೆಗಲ್ಲ, ಆನೆಗೂ ಅಲ್ಲ. ನನ್ನ ಮೂಗಿನ ಮೇಲಿನ ತೂತುಗಳಿಗೆ. ನಗುವವರು ನಗಬಹುದು. ನನ್ನ ಗಂಡ ಹತ್ತು ವರ್ಷದಿಂದ ನಗುತ್ತಲೇ ಇದ್ದಾರೆ.

ಕೊಡಗಿನ ನಾಪೋಕ್ಲಿನ ಪೇಟೆಯಲ್ಲಿ ನಮ್ಮದೊಂದು ಸ್ಟುಡಿಯೋ. ಮುಂದೆ ಅಂಗಡಿ, ಹಿಂದೆ ಮನೆ. ಫೋಟೋ ಹೊಡೆಯುವುದು ಅವರ ಕೆಲಸ, ಹೊಡೆದದ್ದನ್ನು ಕಂಪ್ಯೂಟರಿನಲ್ಲಿ ಕ್ಲೀನ್ ಮಾಡುವುದು ನನ್ನದು. ಮದುವೆ ಸೀಸನ್ನಿನಲ್ಲಿ ದಿನಕ್ಕೆ ನೂರು ಮುಖ ನನ್ನ ಕೈಕೆಳಗೆ ಹಾದುಹೋಗುತ್ತವೆ. ಮುಖವನ್ನು ಇನ್ನೂರು ಪರ್ಸೆಂಟಿಗೆ ಹಿಗ್ಗಿಸಿದರೆ ಅದು ಮುಖವಾಗಿ ಉಳಿಯುವುದಿಲ್ಲ; ಮೂಗಿನ ಪಕ್ಕದಿಂದ ಶುರುವಾಗಿ ಕೆನ್ನೆಯವರೆಗೆ ಬರೀ ರಂಧ್ರ. ನಾನು ಮೌಸ್ ಹಿಡಿದು ಒಂದೊಂದಾಗಿ ಅಳಿಸುತ್ತೇನೆ. ಮದುಮಗಳ ಅಮ್ಮಂದಿರು ಬಂದು, ಸ್ವಲ್ಪ ನೈಸ್ ಮಾಡಿ ಎನ್ನುತ್ತಾರೆ. ಮಾಡುತ್ತೇನೆ. ನನ್ನಷ್ಟು ನಾಜೂಕಾಗಿ ಮಾಡುವವರು ಈ ಕಡೆ ಇಲ್ಲ ಎಂದು ನಾಲ್ಕು ಜನ ಹೇಳಿದ್ದಾರೆ, ಅದನ್ನು ಕೇಳಿ ನಾನು ಉಬ್ಬಿದ್ದೂ ಇದೆ.

ಆ ಕೆಲಸದ ತೊಂದರೆ ಏನೆಂದರೆ, ಒಮ್ಮೆ ಕಣ್ಣು ಪಳಗಿತೆಂದರೆ ಮತ್ತೆ ಹಳೆಯ ಕಣ್ಣು ಸಿಗುವುದಿಲ್ಲ. ತರಕಾರಿ ತೂಗುವವನ ಮುಖದಲ್ಲೂ ಅದೇ, ಬಸ್ಸಿನ ಕಂಡಕ್ಟರನ ಮುಖದಲ್ಲೂ ಅದೇ. ಕೊನೆಗೆ ಕನ್ನಡಿಯಲ್ಲಿ ನನ್ನದೇ.

ನನ್ನ ತವರು ಶನಿವಾರಸಂತೆ ಕಡೆ. ನಮ್ಮದು ಮೂರು ಹೊತ್ತೂ ವಿಭೂತಿ ಹಚ್ಚುವ ಮನೆ. ಅಮ್ಮನ ಮೂಗಿನ ಮೇಲೆ ದೊಡ್ಡ ದೊಡ್ಡ ರಂಧ್ರಗಳಿದ್ದವು, ಪೂಜೆ ಮುಗಿಸಿ ಎದ್ದಾಗ ಹಣೆಯಿಂದ ಉದುರಿದ ವಿಭೂತಿ ಅವುಗಳಲ್ಲಿ ಕೂತು ಬೆಳ್ಳಗೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ಚಿಕ್ಕವಳಿದ್ದಾಗ ನಾನು ಅಮ್ಮನ ತೊಡೆ ಮೇಲೆ ಮಲಗಿ ಅವನ್ನು ಎಣಿಸುತ್ತಿದ್ದೆ. ಆಗ ಹೆದರಿಕೆ ಇರಲಿಲ್ಲ. ಮೂವತ್ತೈದು ದಾಟಿದ ಮೇಲೆ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ಅದೇ ಮೂಗು ನನ್ನ ಮುಖದ ಮೇಲೆ ಕೂತಿತ್ತು.

ಆಮೇಲೆ ನಾನು ಹಚ್ಚದ್ದಿಲ್ಲ. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ, ಮೊಟ್ಟೆಯ ಬಿಳಿ (ಮಾಂಸ ಮೊಟ್ಟೆ ಮುಟ್ಟದ ಮನೆಯ ಹೆಣ್ಣು ನಾನು, ಅದನ್ನೂ ಬಚ್ಚಲಲ್ಲಿ ಕದ್ದು ಹಚ್ಚಿದೆ), ಐಸು, ಕಂಬಳಿ ಹೊದ್ದು ಬಿಸಿನೀರಿನ ಹಬೆ, ಸಕ್ಕರೆ ಬೆರೆಸಿದ ಕಾಫಿಪುಡಿ. ಉಜ್ಜಿ ಉಜ್ಜಿ ಮೂಗು ಕೆಂಪಗಾಗುತ್ತಿತ್ತು, ರಂಧ್ರ ಮಾತ್ರ ಇದ್ದಲ್ಲೇ ಇರುತ್ತಿತ್ತು. ಒಂದು ದಿನ ಗಂಡ ದೋಸೆ ತಿನ್ನುತ್ತಾ, "ಎಲ್ಲರ ಮನೆ ದೋಸೇನೂ ತೂತೇ ಕಣೆ, ಬಿಡು" ಎಂದರು. ನಾನು ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ, ಮೂರು ದಿನ ದೋಸೆ ಹಾಕಲಿಲ್ಲ.

ಈ ಚಿಂತೆ ನನ್ನ ಮುಖಕ್ಕಷ್ಟೇ ನಿಂತಿದ್ದರೆ ಈ ಕತೆ ಬರೆಯುವ ಅಗತ್ಯವಿರಲಿಲ್ಲ. ನನಗೊಬ್ಬಳು ಮಗಳು. ಹನ್ನೆರಡು ತುಂಬುವ ಹೊತ್ತಿಗೆ ಅವಳ ಮೂಗಿನ ಪಕ್ಕ ಎಣ್ಣೆ ಮಿನುಗತೊಡಗಿತು. ಆ ವರ್ಷದ ಹುಟ್ಟುಹಬ್ಬದ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದಾಗ ಸಣ್ಣಗೆ ಶುರುವಾಗಿದ್ದ ರಂಧ್ರಗಳು ಕಂಡವು. ಅಮ್ಮನ ಮೂಗು, ನನ್ನ ಮೂಗು, ಈಗ ಇವಳದ್ದು. ಯಾರೂ ಕೇಳಿರಲಿಲ್ಲ, ಆದರೂ ಅಳಿಸಿದೆ. ಅಲ್ಲಿಂದ ಮುಂದೆ ಅವಳ ಒಂದೇ ಒಂದು ಫೋಟೋವನ್ನೂ ನಾನು ಹಾಗೇ ಬಿಡಲಿಲ್ಲ. ಸ್ಕೂಲ್ ಡೇ, ಹುತ್ತರಿ ಹಬ್ಬದ ದಿನ ಪಕ್ಕದ ಕೊಡವರ ಮನೆಗೆ ಹೋದದ್ದು, ತವರಿನ ಜಾತ್ರೆ, ಎಲ್ಲವನ್ನೂ ಕ್ಲೀನ್ ಮಾಡಿ ಅದರ ಮೇಲೇ ಸೇವ್ ಮಾಡುತ್ತಿದ್ದೆ. ಮಗಳ ತಲೆ ಬಾಚುವಷ್ಟೇ ಸಹಜವಾದ ಕೆಲಸ ಅದು ಎಂದುಕೊಂಡಿದ್ದೆ.

ಪಿಯುಸಿ ಎರಡನೆಯ ವರ್ಷದಲ್ಲಿ, ಒಂದು ಮಧ್ಯಾಹ್ನ ಅವಳು ಕಾಲೇಜಿನಿಂದ ಬಂದು ನನ್ನ ಬೆನ್ನ ಹಿಂದೆ ನಿಂತಳು. ನಾನು ಅವಳದೇ ಪಾಸ್‌ಪೋರ್ಟ್ ಸೈಜ್ ಫೋಟೋ ಮಾಡುತ್ತಿದ್ದೆ. ಅವಳ ಎಡಗೆನ್ನೆ ಪರದೆಯ ತುಂಬಾ ಹರಡಿತ್ತು. ಅರ್ಧ ನುಣ್ಣಗಾಗಿತ್ತು, ಇನ್ನರ್ಧ ಬಾಕಿ ಇತ್ತು.

"ಅಮ್ಮ, ನಂದೂ ತೆಗೀತೀಯಾ?" ಎಂದಳು.

"ಊರೋರ್ದೆಲ್ಲ ತೆಗೀತೀನಿ, ನಿಂದು ಬಿಡ್ಲಾ?" ಎಂದೆ. ಪ್ರೀತಿಯಿಂದಲೇ ಹೇಳಿದ್ದು.

ಅವಳು ಬಗ್ಗಿ ಪರದೆಯ ಹತ್ತಿರ ಮುಖ ತಂದಳು. ಬಾಕಿ ಉಳಿದಿದ್ದ ಆ ಅರ್ಧವನ್ನು ನೋಡಿದಳು. ಒಳಗೆ ಹೋದಳು. ಮರುವಾರದಿಂದ ಅವಳ ಬ್ಯಾಗಿನಲ್ಲಿ ಒಂದು ಸಣ್ಣ ಕನ್ನಡಿ ಇರತೊಡಗಿತು. ಕಿಟಕಿಯ ಬೆಳಕಿಗೆ ಹಿಡಿದು ಮೂಗನ್ನು ಆಕಡೆ ಈಕಡೆ ತಿರುಗಿಸಿ ನೋಡಿಕೊಳ್ಳುವಳು. ನಾನು ಅದನ್ನು ನೋಡಿ ಹೆದರಿದೆ, ಸುಮ್ಮನಿದ್ದೆ. ಹಾಗೆಲ್ಲ ನೋಡಿಕೊಳ್ಳಬೇಡ ಎನ್ನಬೇಕಾದರೆ ಮೊದಲು ನನ್ನ ಕನ್ನಡಿ ಮುಚ್ಚಿಡಬೇಕಾಗಿತ್ತು.

ಪಕ್ಕದ ಮನೆಯ ಕೊಡವ ಆಂಟಿಗೆ ಅರವತ್ತು ದಾಟಿದೆ. ಒಂದಿಷ್ಟು ಕಾಫಿತೋಟ, ಒಂದು ಹಳೆಯ ಜೀಪು, ಜೋರು ಬಾಯಿ. ವರ್ಷಕ್ಕೊಮ್ಮೆ ನಮಗೊಂದು ಸಣ್ಣ ಬಾಟಲಿ ಕಾಚಂಪುಳಿ ಕೊಡುವರು. ಪಣಪುಳಿ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ ಕಪ್ಪು ಹುಳಿ ಅದು. ಅವರ ಮನೆಯಲ್ಲಿ ಅದಿಲ್ಲದೆ ಹಂದಿ ಸಾರಿಲ್ಲ. ನಮ್ಮ ಅಡುಗೆಮನೆಯಲ್ಲಿ ಹುಣಸೆಹಣ್ಣೇ ಸಾಕು; ಕೊಟ್ಟದ್ದನ್ನು ಬೇಡ ಎನ್ನಬಾರದೆಂದು ತೆಗೆದುಕೊಂಡು ಮೇಲಿನ ಅಟ್ಟಣಿಗೆಯಲ್ಲಿ ಸಾಲಾಗಿ ಇಟ್ಟಿದ್ದೆ. ಹುಣಸೆಯ ಅಣ್ಣನೋ ತಮ್ಮನೋ ಇರಬೇಕು ಎಂದಷ್ಟೇ ನನ್ನ ತಿಳಿವಳಿಕೆ. ಕೊಡವರ ಮನೆಯ ಆರು ವರ್ಷದ ಮಗುವಿಗೂ ಅದನ್ನು ಹನಿ ಲೆಕ್ಕದಲ್ಲಿ ಹಾಕಬೇಕೆಂದು ಗೊತ್ತು. ಅದು ಬರೀ ಹುಳಿಯಲ್ಲ, ಸುಡುವ ಹುಳಿ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಿನೆಗರನ್ನು ಹತ್ತಿಯಲ್ಲಿ ಅದ್ದಿ ಮುಖಕ್ಕೆ ಒತ್ತಿದರೆ ರಂಧ್ರ ಬಿಗಿಯಾಗುತ್ತದೆ ಎಂದು ಮೊಬೈಲಿನ ರೀಲಿನಲ್ಲಿ ಒಬ್ಬಳು ಹೇಳುತ್ತಿದ್ದಳು. ಅಷ್ಟಕ್ಕೆ ಪೇಟೆಯಿಂದ ವಿನೆಗರ್ ಏಕೆ ತರಬೇಕು, ಅಟ್ಟಣಿಗೆಯ ಮೇಲೆ ನಾಲ್ಕು ಬಾಟಲಿ ಇವೆಯಲ್ಲ ಎಂದು ನನಗೆ ಹೊಳೆಯಿತು. ಹೆದರುಪುಕ್ಕಲಿಯಾದ್ದರಿಂದ ಒಂದು ಲೋಟ ನೀರಿಗೆ ಎರಡೇ ಹನಿ ಹಾಕಿದೆ. ಮೂಗು ಸ್ವಲ್ಪ ಚುರುಗುಟ್ಟಿ ಬಿಗಿಯಾದಂತಾಯಿತು. ಆ ಸಂತೋಷದಲ್ಲಿ ಮಗಳನ್ನು ಕರೆದು, ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನೋಡಿಲ್ಲಿ ಎಂದು ಮೂಗು ತೋರಿಸಿದೆ. ಅವಳು ಮೂಗು ನೋಡಿದಳು, ಬಾಟಲಿ ನೋಡಿದಳು, ಹತ್ತಿ ನೋಡಿದಳು. ನೀರಿನ ಲೋಟವನ್ನು ನಾನು ಆಗಲೇ ತೊಳೆದಿಟ್ಟಿದ್ದೆ.

ಅದಾದ ಮುಂದಿನ ಭಾನುವಾರ. ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು, ಪೇಟೆಯ ಅಂಗಳಗಳಲ್ಲೆಲ್ಲ ಒಣಗುವ ಕಾಫಿಯ ವಾಸನೆ. ಗಂಡ ಕಕ್ಕಬೆ ಕಡೆ ಒಂದು ಮದುವೆಗೆ ಹೋಗಿದ್ದರು. ನಾನು ಅಂಗಡಿ ಗುಡಿಸುತ್ತಿದ್ದೆ. ಒಳಗಿನಿಂದ ಮಗಳು ಅಮ್ಮಾ ಎಂದಳು. ಕೂಗಲಿಲ್ಲ, ಸಣ್ಣ ದನಿಯಲ್ಲಿ ಕರೆದಳು.

ಹೋಗಿ ನೋಡಿದರೆ ಹಾಸಿಗೆಯ ಮೇಲೆ ಕೂತಿದ್ದಾಳೆ. ಮೂಗಿನ ಮೇಲೆ, ಎರಡೂ ಕೆನ್ನೆಗಳ ಮೇಲೆ ಕಪ್ಪು ನೆನೆದ ಹತ್ತಿ. ಮಲಗಿಕೊಂಡು, ಹತ್ತಿ ಹರಡಿಕೊಂಡು, ಉರಿದರೂ ಹಲ್ಲುಕಚ್ಚಿ ಹತ್ತು ನಿಮಿಷ ಎಣಿಸಿದ್ದಾಳೆ. ಉರಿದಷ್ಟೂ ಕೆಲಸ ಮಾಡುತ್ತಿದೆ ಎಂದುಕೊಂಡಿದ್ದಾಳೆ. ಏಳುವಾಗ ಎಡಗಣ್ಣಿಗೆ ಇಳಿದಿದೆ. ಆ ಕಣ್ಣು ತೆರೆಯಲಾಗುತ್ತಿಲ್ಲ. ಹತ್ತಿ ಕಿತ್ತರೆ ಕೆಳಗೆ ಚರ್ಮ ಬೆಂದ ಹಾಗೆ ಕೆಂಪಗಿತ್ತು.

ಆಗ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ದೇವರ ಕೋಣೆಗೆ ಓಡಿ ವಿಭೂತಿ ತಂದೆ. ನಮ್ಮ ಮನೆಯಲ್ಲಿ ಬಿದ್ದರೂ ವಿಭೂತಿ, ಬೆಚ್ಚಿದರೂ ವಿಭೂತಿ, ಜ್ವರಕ್ಕೂ ವಿಭೂತಿ. ಹುಳಿಗೆ ಬೂದಿ ಬಿದ್ದರೆ ಹುಳಿ ಸಾಯುತ್ತದೆ ಎಂದು ಯಾವುದೋ ಕಾಲದ ಮಾತು ತಲೆಗೆ ಬಂತು. ಅಂಗೈ ತುಂಬ ಪುಡಿ ಮಾಡಿಕೊಂಡು ಅವಳ ಕಣ್ಣಿನ ಹತ್ತಿರ ಒಯ್ದಿದ್ದೆ. ಅಷ್ಟರಲ್ಲಿ ನನ್ನ ಅರಚಾಟ ಕೇಳಿ ಹಿತ್ತಲಿನಿಂದ ಬಂದ ಆಂಟಿ ನನ್ನ ಕೈ ಮೇಲೆ ರಪ್ಪನೆ ಹೊಡೆದರು. ವಿಭೂತಿ ನೆಲಕ್ಕೆ ಚೆಲ್ಲಿತು.

"ಎಂಥ ಮಾಡ್ತಾ ಇದ್ದೀಯಾ ನೀನು? ನೀರು. ನೀರು ಮಾತ್ರ" ಎಂದರು.

ಅವರು ಬಾಟಲಿಯನ್ನು ನೋಡಿದ್ದರು, ಏನಾಗಿದೆ ಎಂದು ಕೇಳಲೂ ಇಲ್ಲ. ಮಗಳನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ, ಗಿಡಕ್ಕೆ ನೀರು ಹಾಕುವ ಪೈಪು ಹಿಡಿದು, ರೆಪ್ಪೆಯನ್ನು ಬೆರಳಲ್ಲಿ ಬಿಡಿಸಿ ಸಣ್ಣಗೆ ನೀರು ಬಿಟ್ಟರು. ಕುಂಞಿ, ಕಣ್ಣು ಬಿಡು, ಕುಂಞಿ ಎಂದು ತಮ್ಮ ಮಾತಿನಲ್ಲಿ ಮಗುವನ್ನು ರಮಿಸುವಂತೆ ಹೇಳುತ್ತಲೇ ಇದ್ದರು. ಸಾಕು ಎಂದು ನನಗೆ ಎಷ್ಟು ಸಲ ಅನ್ನಿಸಿತೋ, ಅವರು ನಿಲ್ಲಿಸಲಿಲ್ಲ. ಅಂಗಳವೆಲ್ಲ ಕೆಸರಾಯಿತು. ನಾನು ಗಂಡನಿಗೆ ಫೋನ್ ಮಾಡುತ್ತಲೇ ಇದ್ದೆ. ಅಲ್ಲಿ ನೆಟ್‌ವರ್ಕ್ ಇಲ್ಲ ಎಂದು ಗೊತ್ತಿದ್ದೂ ಮಾಡುತ್ತಿದ್ದೆ.

ಆಮೇಲೆ ಆಂಟಿಯೇ ಜೀಪು ತೆಗೆದರು. ಮೂರ್ನಾಡು ದಾಟಿ ಮಡಿಕೇರಿ ಮುಟ್ಟುವವರೆಗೆ ಮಗಳು ನನ್ನ ಮಡಿಲಲ್ಲಿ ತಲೆ ಇಟ್ಟು ಒದ್ದೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಕೊಡವರ ಇಗ್ಗುತಪ್ಪ ನಮ್ಮ ಮನೆದೇವರಲ್ಲ, ಅವನನ್ನೂ ಬಿಡಲಿಲ್ಲ. ಕೆನ್ನೆ ಹೇಗಾದರೂ ಆಗಲಿ, ಕಣ್ಣೊಂದು ಉಳಿಸು ಎಂದು ಕೇಳಿಕೊಂಡೆ. ಐದು ವರ್ಷ ಅವಳ ಕೆನ್ನೆಯ ಹಿಂದೆ ಬಿದ್ದವಳು ನಾನು, ಒಂದೇ ತಿರುವಿನಲ್ಲಿ ಕೆನ್ನೆಯನ್ನು ದೇವರಿಗೆ ಬಿಟ್ಟುಕೊಟ್ಟಿದ್ದೆ. ಅವಳು ಬಟ್ಟೆಯ ಒಳಗಿನಿಂದಲೇ, "ಅಮ್ಮ, ಬೈಬೇಡ. ಈ ತೂತೆಲ್ಲ ಹೋದ್ರೆ ನಿಂಗೆ ಕೆಲಸ ಕಮ್ಮಿ ಆಗುತ್ತೆ ಅನ್ಕೊಂಡೆ" ಎಂದಳು.

ಆಂಟಿ ಗೇರು ಬದಲಿಸಿ ಜೀಪನ್ನು ಇನ್ನಷ್ಟು ಜೋರಾಗಿ ಓಡಿಸಿದರು.

ಕಣ್ಣು ಉಳಿಯಿತು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಮೇಲ್ಪದರ ಸ್ವಲ್ಪ ಕಿತ್ತಿದೆ, ಒಳಗೆ ಹೋಗಿಲ್ಲ, ಕೂಡಲೇ ಅಷ್ಟು ಹೊತ್ತು ನೀರು ಹಾಕಿದ್ದೇ ಕಾಪಾಡಿದೆ ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಆಂಟಿ ಕ್ಯಾಂಟೀನಿನಿಂದ ಕಾಫಿ ತಂದು ಕೊಟ್ಟು, ಇದು ಕಾಫಿಯಾ ಕಲಗಚ್ಚಾ ಎಂದು ಬೈದುಕೊಂಡು ಕುಡಿದರು. ಅಟ್ಟಣಿಗೆಯ ಬಾಟಲಿಗಳನ್ನು ಮನೆಗೆ ಹೋದ ಕೂಡಲೇ ವಾಪಸು ಕೊಡಬೇಕೆಂದು ನನಗೆ ಹೇಳಿದರು. ಕೊಟ್ಟೆ.

ಇಷ್ಟಕ್ಕೆ ಹೆದರಿಕೆ ಮುಗಿಯಬೇಕಾಗಿತ್ತು. ಹೊಸ ಹೆದರಿಕೆ ಮೂರು ವಾರದ ಮೇಲೆ ಶುರುವಾಯಿತು. ಕೆನ್ನೆಯ ಕೆಂಪು ಇಳಿದು ಕಂದು ಕಲೆ ಉಳಿಯಿತು. ಎಡಗೆನ್ನೆಯಲ್ಲಿ, ಕಲೆಯ ನಡುವೆ, ಸಣ್ಣ ಸಣ್ಣ ಗುಳಿಗಳು. ಚರ್ಮದ ಡಾಕ್ಟರನ್ನು ನೋಡಲು ಮತ್ತೆ ಮಡಿಕೇರಿಗೆ ಹೋದೆವು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೆತ್ತಗಿನ ಮಾತು. ಭೂತಗನ್ನಡಿ ಹಿಡಿದು ಕೆನ್ನೆಯನ್ನು ತುಂಬ ಹೊತ್ತು ನೋಡಿದರು.

"ಈ ಗುಳಿಗಳು ಮೊದಲೇ ಇದ್ದವಾ, ಸುಟ್ಟ ಮೇಲೆ ಆದದ್ದಾ?" ಎಂದು ನನ್ನನ್ನು ಕೇಳಿದರು.

ಮೊದಲೇ ಇದ್ದ ರಂಧ್ರಗಳಾದರೆ ಹೆದರಬೇಕಾಗಿಲ್ಲ, ಸುಟ್ಟು ಆದ ಗುಳಿಗಳಾದರೆ ಬೇರೆ ಔಷಧ, ತಿಂಗಳೊಳಗೆ ಶುರುಮಾಡಬೇಕು ಎಂದೂ ಹೇಳಿದರು. ಹೆತ್ತು ಹದಿನೇಳು ವರ್ಷ ಸಾಕಿದ ಮಗಳ ಎಡಗೆನ್ನೆ ಒಂದು ತಿಂಗಳ ಹಿಂದೆ ಹೇಗಿತ್ತು ಎಂದು ನನಗೆ ನೆನಪಿರಲಿಲ್ಲ. ಕಣ್ಣು ಮುಚ್ಚಿದರೆ ಬರುತ್ತಿದ್ದುದು ನಾನೇ ಮಾಡಿದ ನುಣ್ಣನೆಯ ಕೆನ್ನೆ. ಡಾಕ್ಟರು ಸಮಾಧಾನದಿಂದ, ಹಳೇ ಫೋಟೋ ಇದ್ದರೆ ತೋರಿಸಿ, ಫೋನಿನಲ್ಲಿದ್ದರೂ ಸಾಕು ಎಂದರು. ಸ್ಟುಡಿಯೋ ಇಟ್ಟುಕೊಂಡವಳನ್ನು ಈ ಪ್ರಶ್ನೆ ಕೇಳಿದರೆ ನಗು ಬರಬೇಕು. ಫೋನ್ ತೆಗೆದು ಒಂದರ ಮೇಲೊಂದು ಸರಿಸುತ್ತಾ ಹೋದೆ. ಹದಿನಾರನೆಯ ವರ್ಷದ್ದು, ಹದಿನೈದರದ್ದು, ಹದಿಮೂರರದ್ದು. ಒಂದೊಂದೂ ಸುಲಿದ ಮೊಟ್ಟೆಯ ಹಾಗೆ.

ಮಗಳು ನನ್ನ ಕೈಯಿಂದ ಮೆಲ್ಲಗೆ ಫೋನ್ ತೆಗೆದುಕೊಂಡಳು.

"ಅಮ್ಮನ ಹತ್ರ ಸಿಗಲ್ಲ ಡಾಕ್ಟ್ರೇ. ಅಮ್ಮ ಎಲ್ಲಾ ಅಳಿಸಿಬಿಟ್ಟಿದ್ದಾರೆ" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿ ಇವತ್ತು ರಜಾ ಎನ್ನುವಷ್ಟು ಸಾಮಾನ್ಯವಾಗಿ ಹೇಳಿದಳು. ಸಿಟ್ಟು ಮಾಡಿಕೊಂಡಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಡಾಕ್ಟರು ಬರೆದುಕೊಟ್ಟದ್ದು ಸಣ್ಣ ಚೀಟಿ. ದಿನಕ್ಕೆರಡು ಸಲ ಮೆದುವಾದ ಸೋಪಿನಲ್ಲಿ ತೊಳೆಯುವುದು, ಉಜ್ಜದಿರುವುದು, ಮೋಡವಿದ್ದರೂ ಬಿಸಿಲಿನ ಕ್ರೀಮು ಹಚ್ಚುವುದು, ಕಲೆ ವಾಸಿಯಾದ ಮೇಲೆ ರಾತ್ರಿಗೊಂದು ಮುಲಾಮು. ರಂಧ್ರವೆಂದರೆ ಬಾಗಿಲಲ್ಲ, ತೆಗೆಯಲಿಕ್ಕೂ ಮುಚ್ಚಲಿಕ್ಕೂ ಆಗುವುದಿಲ್ಲ. ಎಣ್ಣೆಯ ಚರ್ಮ, ಹೆತ್ತವರಿಂದ ಬಂದದ್ದು, ವಯಸ್ಸು. ಎದ್ದು ಕಾಣುವುದನ್ನು ಸ್ವಲ್ಪ ತಗ್ಗಿಸಬಹುದು, ಅದಕ್ಕೂ ತಿಂಗಳುಗಟ್ಟಲೆ ತಾಳ್ಮೆ ಬೇಕು ಎಂದರು. ಹೇಳುವಾಗ ಅವರು ಮಗಳನ್ನು ಬಿಟ್ಟು ನನ್ನ ಮೂಗನ್ನೇ ನೋಡುತ್ತಿದ್ದರೆಂದು ನನ್ನ ಅನುಮಾನ. ಗುಳಿಗಳ ವಿಷಯಕ್ಕೆ ಹದಿನೈದು ದಿನ ಬಿಟ್ಟು ಬರಬೇಕು, ಅಷ್ಟರಲ್ಲಿ ಫೋಟೋ ಸಿಕ್ಕರೆ ತರಬೇಕು ಎಂದು ಕಳಿಸಿದರು.

ಹುಡುಕಿದೆ. ಅಂಗಡಿಯ ಎರಡು ಹಾರ್ಡ್ ಡಿಸ್ಕ್, ಹಳೆಯ ಸಿಡಿಗಳು, ಗಂಡನ ಕ್ಯಾಮೆರಾದ ಕಾರ್ಡುಗಳು. ಮಗಳಿಗೆ ಸ್ವಂತ ಫೋನ್ ಇನ್ನೂ ಕೊಡಿಸಿರಲಿಲ್ಲ. ಗಂಡ ಈ ಸಲ ನಗಲಿಲ್ಲ, ಪಕ್ಕದಲ್ಲಿ ಕೂತು ಅವರೂ ಹುಡುಕಿದರು. ಕಾರ್ಡುಗಳ ಮೇಲೆ ಬೇರೆ ಮದುವೆಗಳು ಕೂತಿದ್ದವು. ಐದು ವರ್ಷಗಳಲ್ಲಿ ನನ್ನ ಕೈ ತಪ್ಪಿಸಿಕೊಂಡದ್ದು ಒಂದೇ ಫೋಟೋ: ಆಂಟಿಯ ಸಂಬಂಧಿಕರ ಮದುವೆಯ ಗ್ರೂಪ್ ಫೋಟೋ, ಕಳೆದ ವರ್ಷದ್ದು. ಮುಂದಿನ ಸಾಲಿನವರನ್ನಷ್ಟೇ ಕ್ಲೀನ್ ಮಾಡಿ ಹಿಂದಿನವರನ್ನು ಯಾರು ನೋಡುತ್ತಾರೆ ಎಂದು ಬಿಟ್ಟಿದ್ದೆ. ಹಿಂದಿನ ಸಾಲಿನ ತುದಿಯಲ್ಲಿ ಮಗಳು ನಿಂತಿದ್ದಾಳೆ, ಯಾರಿಗೋ ನಗುತ್ತಿದ್ದಾಳೆ. ನಾನು ಹಿಗ್ಗಿಸಿದೆ. ಇನ್ನೂರು, ಮುನ್ನೂರು, ಐನೂರು. ಕೆನ್ನೆ ಹತ್ತಿರ ಬಂದಂತೆ ಬರೀ ಚೌಕ ಚೌಕವಾಯಿತು. ಎಷ್ಟು ಹತ್ತಿರ ಹೋದರೂ ಒಂದು ರಂಧ್ರವೂ ಕಾಣಲಿಲ್ಲ. ಅದು ಕಾಣಲಿ ಎಂದು ಜೀವಮಾನದಲ್ಲಿ ಮೊದಲ ಸಲ ನಾನು ಬೇಡಿಕೊಳ್ಳುತ್ತಿದ್ದೆ.

ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳಂತೆ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಗಿರಾಕಿಗಳನ್ನು ಕೂರಿಸುವ ಗುಂಡು ಸ್ಟೂಲನ್ನು ಎಳೆದು ಅಂಗಡಿಯ ಬಾಗಿಲಲ್ಲಿ, ಬೆಳಗಿನ ಬಿಸಿಲು ಬೀಳುವಲ್ಲಿ ಹಾಕಿಕೊಂಡು ಕೂತಳು. ಎದುರಿಗೆ ನನಗೊಂದು ಕುರ್ಚಿ. ಟವೆಲಿನಿಂದ ಒರೆಸಿರಲಿಲ್ಲ, ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಎಡಗಣ್ಣಿನ ಮೂಲೆಯಲ್ಲಿ ಕೆಂಪು ಎಳೆಯೊಂದು ಇನ್ನೂ ಇತ್ತು.

"ಕಂಪ್ಯೂಟರ್ ಬಿಡು, ಇಲ್ಲಿ ನೋಡು. ಇಲ್ಲಿಂದ ಇಲ್ಲಿವರ್ಗೂ ಮೊದ್ಲೇ ಇತ್ತು" ಎಂದು ಮೂಗಿನ ಪಕ್ಕದಿಂದ ಕೆನ್ನೆಯ ನಡುವಿನವರೆಗೆ ಬೆರಳಿಟ್ಟು ತೋರಿಸಿದಳು. "ಈ ಮೂರು ಹೊಸದು. ಸರಿಯಾಗಿ ನೋಡ್ಕೋ. ಮುಂದಿನ ಸಲ ಡಾಕ್ಟ್ರು ಕೇಳಿದ್ರೆ ನೀನೇ ಹೇಳ್ಬೇಕು."

ನನಗೆ ನೋಡಲು ಭಯವಾಯಿತು. ನೋಡಿದರೆ ಮತ್ತೆ ಆ ಪಳಗಿದ ಕಣ್ಣೇ ನೋಡುತ್ತದೆಯೇನೋ ಎಂದು ಭಯ. ತೊಡೆಯ ಮೇಲಿದ್ದ ನನ್ನ ಬಲಗೈಯ ತೋರುಬೆರಳು ಆಗಲೇ ಮೌಸ್ ಒತ್ತುವಂತೆ ಅಲುಗುತ್ತಿತ್ತು. ಆ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಹೆದರುತ್ತಲೇ, ಅವಳು ಸಾಕು ಎನ್ನುವವರೆಗೂ ನೋಡಿದೆ.